ಹತ್ತು ಹಾಡಿಗೆ ಎರಡೇ ಕಡೆ: ಗಾಯಕರ ರೆಕಾರ್ಡಿಂಗ್‌ಗೆ ಸ್ಟೀಲ್ ಗಿಟಾರ್

ದಾವಣಗೆರೆ, ಚಿತ್ರದುರ್ಗದ ಸಣ್ಣ ಸ್ಟುಡಿಯೋಗಳಲ್ಲಿ ತತ್ವಪದ, ವಚನ, ರಂಗಗೀತೆ ರೆಕಾರ್ಡ್ ಮಾಡಿಸುವವರು ಹಾಡಿನ ನಡುವೆ ಜಾರುವ ದನಿಯೊಂದು ಬೇಕೆಂದಾಗ ಸಾಮಾನ್ಯವಾಗಿ ಕೀಬೋರ್ಡ್‌ನ ‘ಸ್ಟೀಲ್ ಗಿಟಾರ್’ ಟೋನ್ ಹಾಕಿ ಮುಗಿಸುತ್ತಾರೆ. ಅದು ಸರಿಹೋಗುವುದಿಲ್ಲ. ಕೀಬೋರ್ಡ್‌ನಲ್ಲಿ ಪ್ರತಿ ಕೀ ಒತ್ತಿದಾಗಲೂ ತಂತಿ ಮೀಟಿದ ಸದ್ದು ಹೊಸದಾಗಿ ಬರುತ್ತದೆ. ನಿಜವಾದ ಸ್ಟೀಲ್‌ನಲ್ಲಿ ಒಂದು ಮೀಟಿಗೆ ಮೂರು ನಾಲ್ಕು ಸ್ವರ ಸಾಗುತ್ತವೆ. ಪಕ್ಕದ ಚಕ್ರ ತಿರುಗಿಸಿ ಜಾರಿಸಿದರೂ ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ಜಾರಿ ಯಂತ್ರದ ವಾಸನೆ ಹೊಡೆಯುತ್ತದೆ.

ಮೂಲೆಯಲ್ಲಿ ಧೂಳು ತಿನ್ನುತ್ತಿರುವ ಮಾಮೂಲಿ ಗಿಟಾರನ್ನೇ ಒಂದು ದಿನದ ಕೆಲಸದಲ್ಲಿ ಸ್ಟೀಲ್ ಗಿಟಾರ್ ಮಾಡಿಕೊಳ್ಳಬಹುದು. ನುಡಿಸುವುದನ್ನು ಕಲಿಯಲು ತಿಂಗಳುಗಳು ಹಿಡಿಯುತ್ತವೆ. ಎಲ್ಲಿ ನುಡಿಸಬಾರದೆಂದು ತೀರ್ಮಾನಿಸುವುದು ಇವೆರಡಕ್ಕಿಂತ ಕಷ್ಟ, ಹೆಚ್ಚಿನ ರೆಕಾರ್ಡಿಂಗ್‌ಗಳು ಕೆಡುವುದೂ ಅಲ್ಲೇ.

ಯಾವ ವಾದ್ಯದ ಮಾತು ಇದು

ನಮ್ಮಲ್ಲಿ ಇದಕ್ಕೆ ಹವಾಯಿಯನ್ ಗಿಟಾರ್ ಎಂದೇ ಹೆಸರು. ಗಿಟಾರನ್ನು ತೊಡೆಯ ಮೇಲೆ ಅಂಗಾತ ಮಲಗಿಸಿ, ತಂತಿಯನ್ನು ಬೆರಳಿನಿಂದ ಒತ್ತುವ ಬದಲು ‘ಬಾರ್’ ಎಂಬ ಉಕ್ಕಿನ ತುಂಡೊಂದನ್ನು ತಂತಿಯ ಮೇಲೆ ಜಾರಿಸುವ ಪದ್ಧತಿ ಇದು. 19ನೇ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ರೂಢಿಗೆ ತಂದ ಹೆಗ್ಗಳಿಕೆ ಹವಾಯಿಯ ಜೋಸೆಫ್ ಕೆಕುಕು ಅವರಿಗೆ ಸಲ್ಲುತ್ತದೆ. ಭಾರತದಲ್ಲಿ ವ್ಯಾನ್ ಶಿಪ್ಲಿ ಇದನ್ನು ಹಿಂದಿ ಸಿನಿಮಾ ಸಂಗೀತದಲ್ಲಿ ಮನೆಮಾತು ಮಾಡಿದರು. ಬ್ರಿಜ್‌ಭೂಷಣ್ ಕಾಬ್ರಾ ಹಿಂದೂಸ್ತಾನಿ ರಾಗಗಳಿಗೆ ಒಗ್ಗಿಸಿದರು. ವಿಶ್ವಮೋಹನ ಭಟ್ಟರ ಮೋಹನವೀಣೆಯೂ ಇದೇ ಮನೆತನದ್ದು. ಅಮೆರಿಕದ ಕಂಟ್ರಿ ಸಂಗೀತದಲ್ಲಿ 1950ರ ದಶಕದಿಂದ ಮೇಲುಗೈ ಪಡೆದ ಪೆಡಲ್ ಸ್ಟೀಲ್ ಮಾತ್ರ ಬೇರೆ ಯಂತ್ರ: ಹತ್ತು ತಂತಿ, ಕಾಲಿಗೆ ಪೆಡಲ್, ಮಂಡಿಗೆ ಲಿವರ್. ಈ ಕಡೆ ಅದು ಸಿಗುವುದೂ ಇಲ್ಲ, ನಮ್ಮ ಕೆಲಸಕ್ಕೆ ಬೇಕಾಗುವುದೂ ಇಲ್ಲ.

ಆದರೆ ಕಂಟ್ರಿ ಗಾಯಕರಲ್ಲಿ ಜಾನಿ ಕ್ಯಾಶ್ ಅವರ ರೆಕಾರ್ಡಿಂಗ್‌ಗಳನ್ನು ಈ ಕೆಲಸಕ್ಕೆ ಇಳಿಯುವ ಮೊದಲು ಕೇಳಲೇಬೇಕು. ಆ ಕಾಲದ ಕಂಟ್ರಿ ತಂಡವೆಂದರೆ ಸ್ಟೀಲ್ ಇರಲೇಬೇಕಿತ್ತು. ಕ್ಯಾಶ್ ಜೊತೆಗೂ ಶುರುವಿನಲ್ಲಿ ರೆಡ್ ಕರ್ನೋಡಲ್ ಎಂಬ ಸ್ಟೀಲ್ ವಾದಕರಿದ್ದರು. ಮೆಂಫಿಸ್‌ನ ಸನ್ ರೆಕಾರ್ಡ್ಸ್‌ನಲ್ಲಿ ಪರೀಕ್ಷೆಗೆ ನುಡಿಸುವ ಹೊತ್ತಿಗೆ ಅಳುಕಿ ಅವರು ಹಿಂದೆ ಸರಿದರು. ಉಳಿದದ್ದು ಲೂಥರ್ ಪರ್ಕಿನ್ಸ್ ಅವರ ಎಲೆಕ್ಟ್ರಿಕ್ ಗಿಟಾರ್, ಮಾರ್ಷಲ್ ಗ್ರಾಂಟ್ ಅವರ ಬೇಸ್. ಆ ಬರಿದಾದ ಠಕ್‌ಠಕ್ ನಡೆಯೇ ಕ್ಯಾಶ್ ಅವರ ಗುರುತಾಯಿತು. 1958ರಲ್ಲಿ ಕೊಲಂಬಿಯಾ ಕಂಪನಿಗೆ ಬಂದ ಮೇಲೆ ಕೆಲವು ಹಾಡುಗಳಲ್ಲಿ ಡಾನ್ ಹೆಲ್ಮ್ಸ್ ಸ್ಟೀಲ್ ನುಡಿಸಿದ್ದಾರೆ. ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಜೊತೆ ನುಡಿಸಿ ಹೆಸರಾದ, ಮೇಲಿನ ಸ್ಥಾಯಿಯಲ್ಲಿ ಚೂಪಾಗಿ ಹಾಡಿಸುವ ಕೈ ಅದು. ಸ್ಟೀಲ್ ಇಲ್ಲದ ಹಾಡುಗಳ ಸಾಲಿನ ನಡುವೆ ಅದು ಬಂದಾಗ ಕಿವಿ ನೆಟ್ಟಗಾಗುತ್ತದೆ. ಪ್ರತಿ ಹಾಡಲ್ಲೂ ಇದ್ದಿದ್ದರೆ ಹಾಗೆ ಆಗುತ್ತಿರಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಕೇಳಿ, ಸ್ಟೀಲ್ ಎಷ್ಟನೇ ಸೆಕೆಂಡಿಗೆ ಬಂತು, ಎಷ್ಟು ಹೊತ್ತು ಇತ್ತು, ಆಗ ಗಾಯಕ ಹಾಡುತ್ತಿದ್ದನೋ ಉಸಿರು ತೆಗೆದುಕೊಳ್ಳುತ್ತಿದ್ದನೋ ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬರುವ ಜಾಗ ಹುಡುಕುವ ಕೆಲಸಕ್ಕೆ ಆ ಚೀಟಿಯೇ ಮಾದರಿ.

ಗಿಟಾರ್ ಆರಿಸುವುದು

ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರೇ ಆಗಬೇಕು. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಉಕ್ಕಿನ ತಂತಿ ಹಾಕಿದರೆ ಬ್ರಿಡ್ಜ್ (ಗಿಟಾರಿನ ಮೈಮೇಲೆ ತಂತಿಗಳ ತುದಿ ಹಿಡಿದಿರುವ ಮರದ ತುಂಡು) ಕಿತ್ತು ಬರುತ್ತದೆ, ಇಂದಲ್ಲ ನಾಳೆ. ಕತ್ತು ಬಾಗಿ ತಂತಿ ಮೇಲೆದ್ದು ‘ಇದನ್ನು ಒತ್ತೋಕಾಗಲ್ಲ’ ಎಂದು ಬಿಟ್ಟ ಸೆಕೆಂಡ್‌ಹ್ಯಾಂಡ್ ಗಿಟಾರ್ ನಮಗೆ ಒಳ್ಳೆಯದೇ, ಹೇಗೂ ತಂತಿಯನ್ನು ಎತ್ತರಿಸಲೇಬೇಕು. ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಸವೆದಿದ್ದರೂ ಚಿಂತೆಯಿಲ್ಲ, ತಂತಿ ಫ್ರೆಟ್ ಮುಟ್ಟುವುದೇ ಇಲ್ಲ.

ನೋಡಬೇಕಾದ್ದು ಎರಡು. ಬ್ರಿಡ್ಜ್‌ನ ಹಿಂದಿನ ಅಂಚಿನ ಅಡಿಗೆ ವಿಸಿಟಿಂಗ್ ಕಾರ್ಡ್ ತೂರಿಸಿ. ಒಳಗೆ ಹೋದರೆ ಅಂಟು ಬಿಟ್ಟಿದೆ ಎಂದರ್ಥ, ಆ ಗಿಟಾರ್ ಬೇಡ. ಆಮೇಲೆ ತಂತಿ ಬಿಗಿ ಮಾಡುವ ಕೀಗಳು: ಶ್ರುತಿ ಮಾಡಿ ಹತ್ತು ನಿಮಿಷ ಬಿಟ್ಟು ನೋಡಿ, ಇಳಿದಿದ್ದರೆ ಕೀಗಳ ಸ್ಕ್ರೂ ಬಿಗಿ ಮಾಡಿ. ಆಗಲೂ ನಿಲ್ಲದಿದ್ದರೆ ಕೀ ಸೆಟ್ ಬದಲಿಸಿ. ಫ್ರೆಟ್‌ಗೆ ಬೆರಳಿಟ್ಟು ನುಡಿಸುವವರು ಚೂರುಪಾರು ಅಪಶ್ರುತಿಯನ್ನು ಮರೆಸಬಹುದು. ಸ್ಟೀಲ್ ಬಾರ್ ಎಲ್ಲ ತಂತಿಗಳ ಮೇಲೂ ಒಟ್ಟಿಗೇ ಕೂರುವುದರಿಂದ ಒಂದು ತಂತಿ ಕೆಟ್ಟರೂ ಬಯಲಾಗುತ್ತದೆ.

ನಟ್ ಮತ್ತು ಸ್ಯಾಡಲ್

ತಲೆಯ ಕಡೆ ತಂತಿ ಕೂರುವ ಪಟ್ಟಿ ನಟ್, ಬ್ರಿಡ್ಜ್ ಮೇಲಿನ ಬಿಳಿ ಪಟ್ಟಿ ಸ್ಯಾಡಲ್. ನಟ್‌ನ ಬಳಿ ತಂತಿಯು ಫ್ರೆಟ್‌ಬೋರ್ಡಿಗಿಂತ 8ರಿಂದ 10 ಮಿ.ಮೀ. ಎತ್ತರದಲ್ಲಿರಬೇಕು. ಕಡಿಮೆಯಾದರೆ ಬಾರ್ ಫ್ರೆಟ್‌ಗೆ ತಾಗಿ ಟಕಟಕ ಎನ್ನುತ್ತದೆ. ಹಳೆಯ ನಟ್‌ನ ಮೇಲೆ ಟೋಪಿ ಹಾಕಿದಂತೆ ಕೂರುವ ಎಕ್ಸ್‌ಟೆನ್ಷನ್ ನಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ತಂತಿ ಸಡಿಲಿಸಿ ಅಡಿಗೆ ತೂರಿಸಿ ಮತ್ತೆ ಬಿಗಿ ಮಾಡಿದರೆ ತಂತಿಯ ಬಿಗಿಯೇ ಅದನ್ನು ಹಿಡಿದುಕೊಳ್ಳುತ್ತದೆ, ಅಂಟು ಬೇಡ. ಬೇಡವಾದಾಗ ತೆಗೆದರೆ ನಟ್ ಮೊದಲಿನಂತೆ.

ಕಾಯಲು ಸಮಯವಿಲ್ಲದವರು ಲೇತ್ ಅಂಗಡಿಯಲ್ಲಿ ಹಿತ್ತಾಳೆ ಪಟ್ಟಿಯಿಂದ ಮಾಡಿಸಬಹುದು. ಹಳೆಯ ನಟ್ ತೆಗೆದು ಅದರ ದಪ್ಪ, ಉದ್ದ ವರ್ನಿಯರ್‌ನಲ್ಲಿ ಅಳೆದು ಅಷ್ಟೇ ಕೊಡಿ. ಉದ್ದ ಸಾಮಾನ್ಯವಾಗಿ 43 ಮಿ.ಮೀ. ಆಸುಪಾಸು. ಎತ್ತರ ಮಾತ್ರ ಬೋರ್ಡಿನ ಮೇಲೆ 10 ಮಿ.ಮೀ. ಎದ್ದಿರುವಂತೆ ಹೇಳಿ. ತಂತಿ ಕೂರುವ ಗೀರುಗಳನ್ನು 7.2 ಮಿ.ಮೀ. ಅಂತರಕ್ಕೊಂದರಂತೆ ಆರು, ಸಣ್ಣ ಮುಮ್ಮೂಲೆ ಅರದಿಂದ ಹಾಕಿ. ಒಂದು ಸೂಕ್ಷ್ಮವಿದೆ: ಗೀರು ಕೀಗಳ ಕಡೆಗೆ ಇಳಿಜಾರಾಗಿರಬೇಕು, ತಂತಿ ನಟ್‌ನ ಮುಂದಿನ ಅಂಚಿನಿಂದಲೇ ಹೊರಡಬೇಕು. ಗೀರು ಚಪ್ಪಟೆಯಾಗಿದ್ದರೆ ಬಿಡಿ ತಂತಿ (ಬಾರ್ ಇಡದೆ ಮೀಟಿದ ತಂತಿ) ಸಿತಾರ್‌ನಂತೆ ಝೇಂಕರಿಸುತ್ತದೆ. ದೋಷ ಎಲ್ಲಿದೆ ಎಂದು ತಿಳಿಯದೆ ಜನ ತಂತಿ ಬದಲಿಸುತ್ತಾ ಕೂರುತ್ತಾರೆ.

ಸ್ಯಾಡಲ್ ವಿಷಯವನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಮಾಮೂಲಿ ಸ್ಯಾಡಲ್‌ನ ಮೇಲಂಚು ಕಮಾನಿನಂತೆ ಬಾಗಿರುತ್ತದೆ. ಬಾರ್ ನೆಟ್ಟಗಿನ ಉಕ್ಕು. ಬಾಗಿದ ಸಾಲಿನ ಮೇಲೆ ನೆಟ್ಟಗಿನ ಉಕ್ಕು ಇಟ್ಟರೆ ನಡುವಿನ ಎರಡು ತಂತಿಗೆ ಕೂರುತ್ತದೆ, ಒಂದನೆಯದೂ (ಅತಿ ತೆಳು) ಆರನೆಯದೂ (ಅತಿ ದಪ್ಪ) ಗರಗರ ಎನ್ನುತ್ತವೆ. ಆಗ ನುಡಿಸುವವರು ಬಾರ್ ಒತ್ತುತ್ತಾರೆ, ಶ್ರುತಿ ಏರುತ್ತದೆ. ಮೇಲಂಚು ಪೂರ್ತಿ ನೆಟ್ಟಗಿರುವ ಹೊಸ ಸ್ಯಾಡಲ್ ಹಾಕಿ: ಮೂಳೆಯದ್ದಾದರೆ ಉತ್ತಮ, ಬೀಟೆ ಮರದ ಚೂರಾದರೂ ನಡೆದೀತು. ದಪ್ಪ ಹಳೆಯದರಷ್ಟೇ, ಎತ್ತರ 2ರಿಂದ 3 ಮಿ.ಮೀ. ಹೆಚ್ಚು. ತಂತಿ ಹಾಕಿದ ಮೇಲೆ ಉಕ್ಕಿನ ಸ್ಕೇಲನ್ನು ಐದನೇ ಫ್ರೆಟ್ ಬಳಿ ಒಮ್ಮೆ, ಹನ್ನೆರಡರ ಬಳಿ ಒಮ್ಮೆ ಆರೂ ತಂತಿಗಳ ಮೇಲೆ ಅಡ್ಡ ಇಡಿ. ಬೆಳಕಿಗೆ ಹಿಡಿದಾಗ ಸ್ಕೇಲಿಗೂ ಯಾವ ತಂತಿಗೂ ನಡುವೆ ಸಂದು ಕಾಣಬಾರದು.

ತಂತಿ, ಬಾರ್, ಬೆರಳಿನ ಪಿಕ್

ತಂತಿಗೆ 13–56ರ ‘ಮೀಡಿಯಂ’ ಸೆಟ್ ಕೊಳ್ಳಿ (ಈ ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ). ಅಂಗಡಿಯವರು ಕೊಡುವ 10 ಅಥವಾ 11ರ ಸೆಟ್ ಬೇಡ. ನಾವು ಒಂದನೇ, ಎರಡನೇ, ಆರನೇ ತಂತಿಗಳನ್ನು ಪೂರ್ತಿ ಒಂದು ಸ್ವರ ಇಳಿಸುತ್ತೇವೆ, ಮೂರನೆಯದನ್ನು ಅರ್ಧ. ತೆಳು ತಂತಿ ಇಳಿಸಿದರೆ ಜೋತುಬಿದ್ದು, ಬಾರ್‌ನ ಭಾರಕ್ಕೇ ತಗ್ಗುತ್ತದೆ.

ಬಾರ್ ಲೇತ್‌ನಲ್ಲೇ ಆಗುತ್ತದೆ. 19 ಅಥವಾ 20 ಮಿ.ಮೀ. ವ್ಯಾಸದ ಸ್ಟೇನ್‌ಲೆಸ್ ಸ್ಟೀಲ್ ರಾಡ್, ಉದ್ದ 75 ಮಿ.ಮೀ., ಒಂದು ತುದಿ ಗುಂಡಗೆ. ತೂಕ 165ರಿಂದ 185 ಗ್ರಾಂ ಬರುತ್ತದೆ, ಅದೇ ಬೇಕಾದ್ದು. ಮಾಮೂಲಿ ಕಬ್ಬಿಣ ಬೇಡ, ಕೈ ಬೆವರಿಗೆ ತುಕ್ಕು ಹಿಡಿಯುತ್ತದೆ. ಕೊಳವೆಯೂ ಬೇಡ, ಹಗುರಾದಷ್ಟೂ ನಾದ ತೆಳುವಾಗುತ್ತದೆ. ಲೇತ್‌ನಿಂದ ಬಂದಾಗ ರಾಡ್ ಸುತ್ತ ಉಗುರಿಗೆ ಸಿಗುವಷ್ಟು ಸಣ್ಣ ಗೆರೆಗಳಿರುತ್ತವೆ. ಬಾರನ್ನು ಒಂದು ತಂತಿಯಿಂದ ಪಕ್ಕದ ತಂತಿಗೆ ಸರಿಸುವಾಗ ಆ ಗೆರೆಗಳಲ್ಲಿ ತಂತಿ ಸಿಕ್ಕಿ ಕರಕರ ಎನ್ನುತ್ತದೆ, ಮೈಕಿಗೆ ಇನ್ನೂ ಚೆನ್ನಾಗಿ ಕೇಳುತ್ತದೆ. ರಾಡ್ ಲೇತ್‌ನಲ್ಲಿ ತಿರುಗುತ್ತಿರುವಾಗಲೇ 400, 800, 1200, 2000 ನಂಬರಿನ ವಾಟರ್ ಪೇಪರ್ ಕ್ರಮವಾಗಿ ಹಿಡಿಸಿ, ಕೊನೆಗೆ ಬಫ್ ಮಾಡಿಸಿ. ಮುಖ ಕಾಣುವಷ್ಟು ಹೊಳಪು ಬರಬೇಕು. ಪಾತ್ರೆಗೆ ಬಫ್ ಹೊಡೆಯುವವರು ಇದನ್ನು ಐದು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಬಲಗೈಗೆ ಹೆಬ್ಬೆರಳಿನ ಪ್ಲಾಸ್ಟಿಕ್ ಪಿಕ್ ಒಂದು, ತೋರುಬೆರಳು ಮತ್ತು ನಡುಬೆರಳಿಗೆ ಲೋಹದ ಪಿಕ್ ಎರಡು. ಲೋಹದ ಪಿಕ್‌ನ ನಾಲಿಗೆ ಬರಬೇಕಾದ್ದು ಬೆರಳಿನ ಒಳಬದಿಗೆ, ಉಗುರಿನ ಮೇಲಲ್ಲ. ಕೇಳಿದರೆ ನಗು ಬರಬಹುದು, ಮೊದಲ ಸಲ ಹತ್ತರಲ್ಲಿ ಎಂಟು ಮಂದಿ ಉಲ್ಟಾ ಹಾಕುತ್ತಾರೆ.

ಶ್ರುತಿ

ದಪ್ಪ ತಂತಿಯಿಂದ ತೆಳು ತಂತಿಗೆ ಹೀಗೆ: ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ, ಪ, ಸ, ಗ, ಪ, ಸ. ಐದನೇ, ನಾಲ್ಕನೇ ತಂತಿ ಇದ್ದಂತೆಯೇ ಇರುತ್ತವೆ. ಉಳಿದವು ಕೆಳಗಿಳಿಯುತ್ತವೆ, ಯಾವುದೂ ಮೇಲೇರುವುದಿಲ್ಲ, ಹಾಗಾಗಿ ಗಿಟಾರಿಗೂ ಅಪಾಯವಿಲ್ಲ.

ಮೂರನೇ ತಂತಿಯ ಗಾಂಧಾರವನ್ನು ಟ್ಯೂನರ್ ಮುಳ್ಳು ನಡುವೆ ನಿಲ್ಲಿಸಿ ಬಿಟ್ಟರೆ ಸ್ವಲ್ಪ ಏರಿದಂತೆ ಕೇಳುತ್ತದೆ. ಅಲ್ಲಿಂದ 14 ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ ಒಂದು ಸೆಂಟ್) ಇಳಿಸಿ. ಕೀಬೋರ್ಡ್‌ನ ಸಮಪಾಲು ಗಾಂಧಾರಕ್ಕೂ ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕೂ ಇರುವ ಅಂತರ ಅದು. ಹಾಡಿನ ಹಿಂದೆ ಕೀಬೋರ್ಡ್ ಕಾರ್ಡ್ ಹಿಡಿದಿದ್ದರೆ ಮಾತ್ರ ಏಳೆಂಟು ಸೆಂಟ್ ಇಳಿಸಿ ರಾಜಿಯಾಗಿ. ಏಕತಾರಿ, ಹಾರ್ಮೋನಿಯಂ ಜೊತೆಗೆ ತತ್ವಪದವಾದರೆ ಮೊದಲು ಹಾರ್ಮೋನಿಯಂನ ಎ ಸ್ವರವನ್ನು ಟ್ಯೂನರ್ ಆ್ಯಪ್‌ಗೆ ಕೇಳಿಸಿ. ಹಳೆಯ ಪೆಟ್ಟಿಗೆಗಳು 440 ಹರ್ಟ್ಸ್‌ಗೆ ಕೂತಿರುವುದಿಲ್ಲ. ಆ್ಯಪ್‌ನ ಸೆಟ್ಟಿಂಗಿನಲ್ಲಿ 440ರ ಜಾಗಕ್ಕೆ ಪೆಟ್ಟಿಗೆಯ ಅಂಕಿ ಹಾಕಿ, ಆಮೇಲೆ ಗಿಟಾರ್ ಶ್ರುತಿ ಮಾಡಿ. ಪೆಟ್ಟಿಗೆಯನ್ನು ಗಿಟಾರಿಗೆ ಹೊಂದಿಸಲಾಗುವುದಿಲ್ಲ, ಗಿಟಾರೇ ಬಗ್ಗಬೇಕು.

ಗಾಯಕರ ಶ್ರುತಿ ಬಿಳಿ ಎರಡು (ಹಾರ್ಮೋನಿಯಂನ ಎರಡನೇ ಬಿಳಿ ಮನೆ, ಡಿ) ಆದರೆ ಬಿಡಿ ತಂತಿಯೇ ಷಡ್ಜ. ಕರಿ ಒಂದಾದರೆ ಆರೂ ತಂತಿಯನ್ನು ಅರ್ಧ ಸ್ವರ ಇಳಿಸಿ. ಬಿಳಿ ಒಂದಕ್ಕೆ ಇನ್ನರ್ಧ, 13ರ ಸೆಟ್ ಅಲ್ಲಿಯವರೆಗೆ ತಡೆಯುತ್ತದೆ. ಹೆಣ್ಣುದನಿಯ ಬಿಳಿ ಐದಕ್ಕೆ ಶ್ರುತಿಯನ್ನೇ ಬದಲಿಸಿ: ಡಿ, ಜಿ, ಡಿ, ಜಿ, ಬಿ, ಡಿ, ಅಂದರೆ ಪ, ಸ, ಪ, ಸ, ಗ, ಪ. ಬಿಳಿ ಆರಕ್ಕೆ ಇದೇ ಶ್ರುತಿಯಲ್ಲಿ ಎರಡನೇ ಫ್ರೆಟ್ಟಿನ ಮೇಲೆ ಷಡ್ಜ ಬರುತ್ತದೆ, ಆಗ ಬಿಡಿ ತಂತಿ ಮುಟ್ಟಬಾರದು. ಕೇಪೋ (ಕತ್ತಿನ ಮೇಲೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕೋಣ ಎನ್ನಬೇಡಿ, ತಂತಿ ಇಷ್ಟು ಎತ್ತರಕ್ಕೆ ಹೋದ ಮೇಲೆ ಕೇಪೋ ಕೆಲಸ ಮಾಡುವುದಿಲ್ಲ.

ಸಾಧಾರಣ ಗಾಂಧಾರದ ರಾಗಗಳಲ್ಲಿ ಬಿಡಿ ಮೂರನೇ ತಂತಿ ಶತ್ರು. ಹಾಡು ಸಿಂಧುಭೈರವಿಯ ಛಾಯೆಯಲ್ಲಿದ್ದು ಅಂತರ ಗಾಂಧಾರ ಹಿಂದೆ ಗುಂಯ್‌ಗುಟ್ಟಿದರೆ ಯಾವ ಮಿಕ್ಸಿಂಗೂ ಉಳಿಸುವುದಿಲ್ಲ. ಅಂಥ ಹಾಡಿಗೆ ಮೂರನೇ ತಂತಿಯನ್ನು ಎಫ್‌ಗೆ ಇಳಿಸಿ.

ಸ್ವರಸ್ಥಾನ ಮತ್ತು ಕೈ

ಬಿಡಿ ತಂತಿ ಷಡ್ಜವಾದಾಗ ಒಂದನೇ ತಂತಿಯ ಮೇಲೆ: ಎರಡನೇ ಫ್ರೆಟ್ ಚತುಶ್ರುತಿ ರಿಷಭ, ನಾಲ್ಕು ಅಂತರ ಗಾಂಧಾರ, ಐದು ಶುದ್ಧ ಮಧ್ಯಮ, ಏಳು ಪಂಚಮ, ಒಂಬತ್ತು ಚತುಶ್ರುತಿ ಧೈವತ, ಹನ್ನೊಂದು ಕಾಕಲಿ ನಿಷಾದ, ಹನ್ನೆರಡು ಮೇಲಿನ ಷಡ್ಜ. ಬೆರಳಿನಿಂದ ನುಡಿಸುವವರು ಎರಡು ಫ್ರೆಟ್‌ಗಳ ನಡುವೆ ಒತ್ತುತ್ತಾರೆ. ಇಲ್ಲಿ ಬಾರ್ ಫ್ರೆಟ್ ಪಟ್ಟಿಯ ನೇರ ಮೇಲೆ ನಿಲ್ಲಬೇಕು. ಮೇಲಿಂದ ನೇರ ನೋಡಿ. ಪಕ್ಕದಿಂದ ನೋಡಿದರೆ 10 ಮಿ.ಮೀ. ಎತ್ತರದ ತಂತಿಗೂ ಕೆಳಗಿನ ಫ್ರೆಟ್‌ಗೂ ಕಣ್ಣಳತೆ ತಪ್ಪುತ್ತದೆ. 650 ಮಿ.ಮೀ. ತಂತಿಯಲ್ಲಿ ಹನ್ನೆರಡನೇ ಫ್ರೆಟ್ಟಿನ ಬಳಿ ಬಾರ್ ಒಂದು ಮಿ.ಮೀ. ಸರಿದರೆ ಶ್ರುತಿ 5 ಸೆಂಟ್‌ಗೂ ಸ್ವಲ್ಪ ಹೆಚ್ಚು ಸರಿಯುತ್ತದೆ. ಒಂದನೇ ಫ್ರೆಟ್ಟಿನ ಬಳಿ ಅದರ ಅರ್ಧದಷ್ಟೇ. ಮೂರು ಮಿ.ಮೀ. ತಪ್ಪು ಮೇಲಿನ ಷಡ್ಜದಲ್ಲಿ ಎಲ್ಲರಿಗೂ ಕೇಳುತ್ತದೆ.

ಆರೂ ತಂತಿಯನ್ನು ಒಟ್ಟಿಗೆ ಹನ್ನೆರಡನೇ ಫ್ರೆಟ್ಟಿನಲ್ಲಿ ಮೀಟಬೇಡಿ. ಬ್ರಿಡ್ಜ್‌ನ ಸೀಳು ಓರೆಯಾಗಿರುವುದರಿಂದ ದಪ್ಪ ತಂತಿಗಳು ಕೊಂಚ ಉದ್ದ, ಬಾರ್ ನೆಟ್ಟಗಿಟ್ಟರೆ ಅವು ಇಳಿದು ಕೇಳುತ್ತವೆ. ಅಲ್ಲಿ ಮೊದಲ ಮೂರು ತಂತಿಗಳಲ್ಲೇ ಹಾಡಿಸಿ.

ಎಡಗೈ ಹೀಗಿರಲಿ: ಹೆಬ್ಬೆರಳು, ನಡುಬೆರಳು ಬಾರನ್ನು ಪಕ್ಕದಿಂದ ಹಿಡಿದಿವೆ, ತೋರುಬೆರಳು ಮೇಲೆ ಕೂತಿದೆ, ಉಂಗುರಬೆರಳು ಮತ್ತು ಕಿರುಬೆರಳು ಬಾರ್‌ನ ಹಿಂದೆ, ನಟ್‌ನ ಕಡೆ, ತಂತಿಯ ಮೇಲೆ ಮೆತ್ತಗೆ ಮಲಗಿವೆ. ಈ ಕೊನೆಯ ಎರಡು ಬೆರಳುಗಳೇ ವಾದ್ಯದ ಅರ್ಧ. ಅವು ಎದ್ದರೆ ಬಾರ್‌ನ ಹಿಂದಿನ ತಂತಿಯೂ ಮಿಡಿದು ಬೇರೆಯೇ ಸ್ವರವೊಂದು ಪಿಸುಗುಟ್ಟುತ್ತದೆ. ಒತ್ತಡಕ್ಕೆ ಬಾರ್‌ನ ತೂಕವೇ ಸಾಕು.

ಬಲಗೈಯ ಅಂಗೈ ಅಂಚು ಪ್ರತಿ ಸ್ವರ ಮುಗಿದಾಗ ತಂತಿ ಮೇಲೆ ಬಿದ್ದು ಸದ್ದು ನಿಲ್ಲಿಸಬೇಕು. ಬಾರ್ ಹೊಸ ಜಾಗಕ್ಕೆ ಹೋಗುವುದು ಆ ಮೌನದಲ್ಲಿ. ಬೇಕೆಂದಾಗ ಮಾತ್ರ ಜಾರಿಸಿ. ಹೊಸಬರು ಪ್ರತಿ ಸ್ವರಕ್ಕೂ ಕೆಳಗಿನಿಂದ ಜಾರಿ ಬರುತ್ತಾರೆ, ಎರಡು ಸಾಲಿಗೇ ತಲೆ ತಿರುಗುತ್ತದೆ. ನಾಲ್ಕು ಸ್ವರದ ಗುಂಪಿಗೆ ಒಂದು ಜಾರು ಸಾಕು. ಕಂಪನವೂ ಅಷ್ಟೆ: ಸ್ವರ ಮೊದಲು ನೆಟ್ಟಗೆ ನಿಲ್ಲಲಿ, ಆಮೇಲೆ ಫ್ರೆಟ್ಟಿನ ಎರಡೂ ಬದಿಗೆ ಒಂದೆರಡು ಮಿ.ಮೀ. ನಿಧಾನಕ್ಕೆ. ಮೊದಲಿಂದಲೇ ನಡುಗಿಸಿದರೆ ಶ್ರುತಿ ಸಿಗದೆ ತಡಕಾಡುತ್ತಿದ್ದಾರೆ ಎಂದು ಕೇಳುವವರಿಗೆ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ಫೋನಿನಲ್ಲಿ ತಂಬೂರಿ ಹಾಕಿ, ಕಣ್ಣು ಮುಚ್ಚಿ ಪಂಚಮಕ್ಕೆ ಹೋಗಿ ನಿಲ್ಲಿ, ಕಣ್ಣು ತೆರೆದು ಬಾರ್ ಎಲ್ಲಿದೆ ನೋಡಿ. ಸ್ಕೇಲು, ಅಲಂಕಾರ ಯಾವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ.

ಎಲ್ಲಿ ನುಡಿಸಬೇಕು

ಹಾಡಿನ ಸಾಹಿತ್ಯವನ್ನು ದೊಡ್ಡಕ್ಷರದಲ್ಲಿ ಪ್ರಿಂಟ್ ತೆಗೆದು, ಸೀಸದಕಡ್ಡಿ ಹಿಡಿದು ಕೂರಿ. ಮೊದಲು ಆಲ್ಬಮ್ಮಿನ ಹತ್ತು ಹಾಡಿನಲ್ಲಿ ಎಂಟನ್ನು ಹೊಡೆದುಹಾಕಬೇಕು. ಡೊಳ್ಳು, ತಮಟೆ, ಜೋರು ನಡೆಯ ಹಾಡುಗಳು ಮೊದಲು ಹೋಗುತ್ತವೆ, ಸ್ವರ ಬೆಳೆಯಲು ಅಲ್ಲಿ ಸಮಯವಿಲ್ಲ. ಪಿಟೀಲು ಅಥವಾ ಕ್ಲಾರಿಯೋನೆಟ್ ಆಗಲೇ ಜಾರುತ್ತಿರುವ ಹಾಡುಗಳು ಹೋಗುತ್ತವೆ. ಹಿರಿಯೂರು, ಚಳ್ಳಕೆರೆ ಕಡೆಯ ಕಾಡುಗೊಲ್ಲರ ಜುಂಜಪ್ಪನ ಪದಗಳಿಗೆ ಗಣೆ (ಉದ್ದನೆಯ ಬಿದಿರ ಕೊಳಲು) ಊದುತ್ತಿದ್ದರೆ ಸ್ಟೀಲ್ ಪೆಟ್ಟಿಗೆಯಿಂದ ಹೊರಗೇ ಬರಬಾರದು. ಗಣೆಯ ಆ ಉಸಿರು ತುಂಬಿದ ನಾದದ ಜಾಗದಲ್ಲೇ ಸ್ಟೀಲೂ ಬಂದು ಕೂರುತ್ತದೆ, ಎರಡೂ ಕೆಡುತ್ತವೆ. ಉಳಿಯುವುದು ನಿಧಾನ ನಡೆಯ, ನಿಮಿಷಕ್ಕೆ 60ರಿಂದ 85 ಮಾತ್ರೆಯ, ಸಾಲಿನ ಕೊನೆಗೆ ದೀರ್ಘಸ್ವರ ಬರುವ ಒಂದೆರಡು ಹಾಡು.

ಆ ಹಾಡಿನೊಳಗೆ ಮತ್ತೆ ಎರಡೇ ಕಡೆ. ಪಲ್ಲವಿ, ಮೂರು ಚರಣ ಇರುವ ಹಾಡೆಂದು ಇಟ್ಟುಕೊಳ್ಳಿ. ಶುರುವಿನ ಬಿಟ್‌ನಲ್ಲಿ (ಹಾಡುವವರು ಸುಮ್ಮನಿರುವಾಗಿನ ವಾದ್ಯದ ತುಣುಕು) ಸ್ಟೀಲ್ ಬೇಡ, ಮೊದಲ ಸದ್ದೇ ಅದಾದರೆ ಕೇಳುವವರು ಇಡೀ ಹಾಡಲ್ಲಿ ಅದನ್ನೇ ಕಾಯುತ್ತಾರೆ. ಮೊದಲ ಚರಣದ ಹಿಂದಿನ ಬಿಟ್ ಹಾರ್ಮೋನಿಯಂಗೆ ಬಿಡಿ. ಎರಡನೇ ಚರಣಕ್ಕೆ ಮುಂಚಿನ ಬಿಟ್‌ನಲ್ಲಿ ಎರಡು ಆವರ್ತ ಸ್ಟೀಲ್ ಒಂಟಿಯಾಗಿ ಬರಲಿ. ಮತ್ತೆ ಕೊನೆಯ ಪಲ್ಲವಿಯ ಕೊನೆಯ ಪದ ಮುಗಿಯುವಾಗ, ಗಾಯಕರು ದನಿ ಇಳಿಸುತ್ತಿರುವಂತೆ, ಅದೇ ಸ್ವರದಲ್ಲಿ ಸೇರಿ ಒಂದು ಆವರ್ತ ಸಾಗಲಿ. ಮಾತು ನಡೆಯುತ್ತಿರುವಾಗ ಒಂದು ಸ್ವರವೂ ಬೇಡ. ಸ್ಟೀಲ್ ಮನುಷ್ಯರ ದನಿಯಂತೆ ಜಾರುವ ವಾದ್ಯ, ಎರಡು ದನಿ ಒಟ್ಟಿಗೆ ಮಾತಾಡಿದರೆ ಸಾಹಿತ್ಯ ಕಿವಿಗೆ ಬೀಳುವುದಿಲ್ಲ.

ವಚನಗಳಲ್ಲಿ ಇನ್ನೂ ಬಿಗಿ ಬೇಕು. ಅಂಕಿತ ಬರುವವರೆಗೆ ಸುಮ್ಮನಿದ್ದು, ಅಂಕಿತದ ಕೊನೆಯ ಅಕ್ಷರದ ಮೇಲೆ ಒಂದು ಸ್ವರ, ಬೇಕಿದ್ದರೆ ಅದಕ್ಕೆ ಪಂಚಮ. ಗಾಯಕರು ಅಂಕಿತವನ್ನು ಎರಡು ಸಲ ಹೇಳುವುದಾದರೆ ಎರಡನೆಯ ಸಲ ಮಾತ್ರ.

ಸೋಬಾನೆಯಂಥ ಗುಂಪಿನ ಹಾಡಿಗೆ ಸ್ಟೀಲ್ ಸೇರಿಸಲು ಹೊರಟವರು ಒಂದು ನೋಡಿಕೊಳ್ಳಬೇಕು. ಶ್ರುತಿಪೆಟ್ಟಿಗೆ ಇಲ್ಲದೆ ಹಾಡುವ ಗುಂಪಿನ ಶ್ರುತಿ ಹಾಡು ಮುಗಿಯುವಷ್ಟರಲ್ಲಿ ಸರಿದಿರಬಹುದು, ಅದು ಅವರ ತಪ್ಪಲ್ಲ. ರೆಕಾರ್ಡಿಂಗ್‌ನ ಮೊದಲ ಮತ್ತು ಕೊನೆಯ ಸಾಲನ್ನು ಟ್ಯೂನರ್‌ಗೆ ಕೇಳಿಸಿ ಅಂತರ ಬರೆದುಕೊಳ್ಳಿ. ಬಾರ್ ಎಲ್ಲಿ ಬೇಕಾದರೂ ನಿಲ್ಲುವುದರಿಂದ ಹಿಂಬಾಲಿಸಬಹುದು, ಬಿಡಿ ತಂತಿ ಮಾತ್ರ ಮುಟ್ಟಬೇಡಿ.

ಸ್ಥಾಯಿಯ ಆಯ್ಕೆ: ಗಂಡುದನಿಯ ಹಾಡಿಗೆ ಒಂದು, ಎರಡನೇ ತಂತಿಯ ಏಳರಿಂದ ಹನ್ನೆರಡನೇ ಫ್ರೆಟ್, ಅಂದರೆ ದನಿಗಿಂತ ಮೇಲೆ. ಹೆಣ್ಣುದನಿಗೆ ಮೂರು, ನಾಲ್ಕನೇ ತಂತಿ, ದನಿಗಿಂತ ಕೆಳಗೆ.

ಮೈಕಿನ ಮುಂದೆ

ಬೇರೆ ವಾದ್ಯಗಳು ಎದುರಿಗೆ ಮುಖ ಮಾಡಿದರೆ ಮಲಗಿಸಿದ ಗಿಟಾರ್ ಚಾವಣಿಗೆ ಮುಖ ಮಾಡಿರುತ್ತದೆ. ಮೇಲಿಂದ ಕೆಳಗೆ ನೋಡುವಂತೆ, ಕತ್ತು ದೇಹಕ್ಕೆ ಸೇರುವ ಹದಿನಾಲ್ಕನೇ ಫ್ರೆಟ್ಟಿನ ಮೇಲೆ 25 ಸೆಂ.ಮೀ. ಎತ್ತರದಲ್ಲಿ ಕಂಡೆನ್ಸರ್ ಮೈಕ್ ಇಡಿ. ರಂಧ್ರದ ನೇರ ಮೇಲೆ ಇಟ್ಟರೆ ಗುಡುಗುಡು. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ಅದರ ಗಾಳಿ ನೇರ ಮೈಕಿನ ಬೆನ್ನಿಗೆ ಬೀಳುತ್ತದೆ, ಆರಿಸಲೇಬೇಕು. ವಾದಕರ ಮೂಗು ಮೈಕಿನಿಂದ ಒಂದು ಗೇಣು ದೂರದಲ್ಲಿರುತ್ತದೆ, ಬಾಗಿ ನೋಡುತ್ತಾ ಬಿಡುವ ಉಸಿರೆಲ್ಲ ದಾಖಲಾಗುತ್ತದೆ. ಮೈಕನ್ನು ವಾದಕರ ಎದುರು ಬದಿಯಿಂದ ಓರೆಯಾಗಿ ತಂದರೆ ಇದು ಕಡಿಮೆ.

ಏಪ್ರಿಲ್‌ನ ಬಿಸಿಲಿಗೆ ಫ್ಯಾನಿಲ್ಲದೆ ಕೂರುವುದು ಯಾರಿಗೂ ಆಗದ ಮಾತು, ಬೆಳಿಗ್ಗೆ ಆರರ ಹೊತ್ತಿಗೆ ಕೆಲಸ ಹಚ್ಚಿಕೊಂಡರೆ ಪಿ.ಬಿ. ರಸ್ತೆಯ ಲಾರಿ ಸದ್ದೂ ಕಡಿಮೆ ಇರುತ್ತದೆ. ಗಿಟಾರನ್ನು ಹಿಂದಿನ ರಾತ್ರಿಯೇ ಸ್ಟುಡಿಯೋದಲ್ಲಿಡಿ. ಬಿಸಿಲಲ್ಲಿ ಕಾರಿನಲ್ಲಿದ್ದ ಗಿಟಾರನ್ನು ಎ.ಸಿ. ಕೋಣೆಗೆ ತಂದರೆ ತಂತಿ ತಣ್ಣಗಾಗುತ್ತಾ ಶ್ರುತಿ ಏರುತ್ತಲೇ ಹೋಗುತ್ತದೆ, ಅರ್ಧ ಗಂಟೆ ಏನೂ ಮಾಡಲಾಗುವುದಿಲ್ಲ. ಟೇಕ್‌ಗಳ ನಡುವೆ ಪ್ರತಿ ಸಲ ಶ್ರುತಿ ನೋಡಿ. ಗೋಡೆಯ ಪ್ರತಿಧ್ವನಿಗೆ ಎರಡು ಹತ್ತಿ ಹಾಸಿಗೆ ನಿಲ್ಲಿಸಿದರೆ ಸಾಕು.

ಲೆವೆಲ್ ಮೈನಸ್ 12 ಡಿ.ಬಿ. ಆಸುಪಾಸಿನಲ್ಲಿ ಇರಲಿ. ಪ್ರತಿ ಬಿಟ್ಟನ್ನೂ ಪೂರ್ತಿ ನುಡಿಸಿದ ಮೂರು ಟೇಕ್ ತೆಗೆದುಕೊಳ್ಳಿ. ಒಂದು ಟೇಕ್‌ನ ಮೊದಲರ್ಧ, ಇನ್ನೊಂದರ ಕೊನೆಯರ್ಧ ಕತ್ತರಿಸಿ ಅಂಟಿಸುವುದು ಇಲ್ಲಿ ನಡೆಯುವುದಿಲ್ಲ: ಜಾರು ನಡುವೆ ಕತ್ತರಿಸಿದರೆ ಎರಡು ಟೇಕ್‌ನ ಬಾರ್ ಒಂದೇ ಜಾಗದಲ್ಲಿರುವುದಿಲ್ಲ, ಸ್ವರ ಮುರಿದು ಬೀಳುತ್ತದೆ. ಅಂಗೈ ಇಟ್ಟು ನಿಲ್ಲಿಸಿದ ಮೌನದಲ್ಲಿ ಮಾತ್ರ ಕತ್ತರಿ. ಶ್ರುತಿಯನ್ನು ತಾನೇ ತಿದ್ದುವ ಆಟೋಟ್ಯೂನ್ ಹಾಕಲೇಬೇಡಿ, ಅದು ಜಾರನ್ನು ಮೆಟ್ಟಿಲು ಮಾಡುತ್ತದೆ.

ಮಿಕ್ಸಿಂಗ್‌ನಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ ಎರಡು ಮೂರು ಡಿ.ಬಿ. ತಗ್ಗಿಸಿ, ವ್ಯಂಜನಗಳ ಸ್ಪಷ್ಟತೆ ಇರುವುದು ಆ ಜಾಗದಲ್ಲಿ. ರಿವರ್ಬ್ (ಸೇರಿಸುವ ಪ್ರತಿಧ್ವನಿ) ಒಂದೂವರೆ ಸೆಕೆಂಡ್ ಮೀರದಿರಲಿ. ಬಾಲ ಮುಂದಿನ ಸಾಲಿನ ಮೊದಲ ಪದದ ಮೇಲೆ ಚೆಲ್ಲುತ್ತಿದ್ದರೆ ಅಲ್ಲಿಗೆ ಫೇಡ್ ಹಾಕಿ. ಆಮೇಲೆ ಫೋನಿನ ಸ್ಪೀಕರಿನಲ್ಲಿ ಒಮ್ಮೆ, ಕಾರಿನಲ್ಲಿ ಒಮ್ಮೆ ಕೇಳಿಸಿ. ಹಾಡು ಮುಗಿದ ಮೇಲೆ ಕೇಳಿದವರು ‘ಆ ಗಿಟಾರ್ ಯಾರದು’ ಎಂದು ಮೊದಲು ಕೇಳಿದರೆ ಎರಡು ಡಿ.ಬಿ. ಇಳಿಸಿ ಮತ್ತೆ ಕೇಳಿಸಿ.

ಕೆಲಸ ಮುಗಿದ ಮೇಲೆ ತಂತಿಗಳನ್ನು ಬಟ್ಟೆಯಿಂದ ಒರೆಸಿ. ಗಿಟಾರನ್ನು ತಿಂಗಳುಗಟ್ಟಲೆ ಮುಟ್ಟದೆ ಇಡುವುದಾದರೆ ಆರೂ ತಂತಿಯನ್ನು ಒಂದು ಸ್ವರದಷ್ಟು ಸಡಿಲಿಸಿ ಕೇಸಿನಲ್ಲಿಡಿ, ಬಾರ್ ಅದರ ಪಕ್ಕದಲ್ಲಿ ಬಟ್ಟೆ ಸುತ್ತಿ. ಬಿಡಿಯಾಗಿ ಇಟ್ಟರೆ ಅದು ಉರುಳಿ ಗಿಟಾರಿನ ಮೈಗೆ ಗುಳಿ ಮಾಡುತ್ತದೆ.